ಬೆಳಗಾವಿ–ಕಿತ್ತೂರು–ಧಾರವಾಡ ರೈಲು: ದುಡ್ಡು ಹೆಚ್ಚಾಯಿತು ಅನ್ನುವವರಿಗೆ

ಬೆಳಗಾವಿಯಿಂದ ಕಿತ್ತೂರಿನ ಮೇಲೆ ಧಾರವಾಡಕ್ಕೆ ಹಾಕಬೇಕಾದ 73 ಕಿ.ಮೀ. ಹೊಸ ರೈಲು ಮಾರ್ಗಕ್ಕೆ 927 ಕೋಟಿ ರೂಪಾಯಿ ದುಂದು, ಹೈವೇ ಇದೆ, ಬಸ್ ಸಾಕು ಎಂದು ನಿಮ್ಮಲ್ಲಿ ಕೆಲವರು ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇವತ್ತಿಗೂ ಬೆಳಗಾವಿಯಿಂದ ಧಾರವಾಡಕ್ಕೆ ರೈಲು ಹೋಗಬೇಕೆಂದರೆ ಖಾನಾಪುರ, ಲೋಂಡಾ, ಅಳ್ನಾವರ ಸುತ್ತಬೇಕು, ಸುಮಾರು 120 ಕಿ.ಮೀ. ಹೊಸ ಹಳಿ ಬಂದರೆ ಹೆಚ್ಚುಕಡಿಮೆ 50 ಕಿ.ಮೀ. ಉಳಿತಾಯ. ಅದೂ ಒಂದು ದಿನದ್ದಲ್ಲ, ದಿನಾ.

ನನ್ನ ಮಗಳು ಹಿರೇಬಾಗೇವಾಡಿಯಿಂದ ಧಾರವಾಡಕ್ಕೆ ಓದಲು ಹೋಗುತ್ತಾಳೆ. ಬೆಳಿಗ್ಗೆ ಬಸ್ಸು ಬರುವಾಗಲೇ ತುಂಬಿರುತ್ತದೆ. ಬ್ಯಾಗನ್ನು ಕಿಟಕಿಯಿಂದ ಯಾರದೋ ತೊಡೆಯ ಮೇಲೆ ಹಾಕಿ, ಮೆಟ್ಟಿಲ ಮೇಲೆ ಒಂದೇ ಕಾಲಿಟ್ಟು ಹತ್ತುತ್ತಾಳೆ. ಅವಳು ತಲುಪಿ ಫೋನ್ ಮಾಡುವವರೆಗೂ ನನಗೆ ಕೆಲಸದಲ್ಲಿ ಮನಸ್ಸಿರುವುದಿಲ್ಲ.

ಖರ್ಚಿನ ಪ್ರಶ್ನೆ ಕೇಳಲೇಬೇಕು, ನಿಜ. ಅರ್ಧ ವೆಚ್ಚ ರಾಜ್ಯದ್ದು, ಭೂಮಿಯನ್ನೂ ರಾಜ್ಯವೇ ಕೊಡಬೇಕು, ಎಲ್ಲಾ ನಮ್ಮ ತೆರಿಗೆಯೇ. ಆದರೆ ಕೇಳಬೇಕಾದದ್ದು ಬೇರೆ: ಇಷ್ಟು ವರ್ಷದ ತಡಕ್ಕೆ ಯಾರು ಹೊಣೆ? ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಹಿಡಿದ ಕೆಲಸ ಇದು. ಅವರು 2020ರಲ್ಲಿ ತೀರಿಕೊಂಡರು. ಕೆಲಸ ತಡವಾದಷ್ಟೂ ಖರ್ಚು ಏರುತ್ತದೆ: ಸಿಮೆಂಟು, ಕಬ್ಬಿಣ, ಕೂಲಿ ಯಾವುದರ ದರವೂ ಅಲ್ಲೇ ನಿಂತಿಲ್ಲ.

ಇನ್ನು ಭೂಮಿ. ಗರ್ಲಗುಂಜಿ, ನಂದಿಹಳ್ಳಿ ಕಡೆಯ ರೈತರು ಫಲವತ್ತಾದ ಹೊಲ ಬಿಟ್ಟು ಬೇರೆ ಕಡೆಯಿಂದ ಹಳಿ ಹಾಕಿ ಎಂದು ಹೋರಾಡಿದವರು. ಅವರನ್ನು ಅಭಿವೃದ್ಧಿಯ ವಿರೋಧಿಗಳು ಅನ್ನುವುದು ತಪ್ಪು. ಅವರ ಜೊತೆ ಕೂತು ಮಾತಾಡಿ, ಪರಿಹಾರ ಎಕರೆಗೆ ಎಷ್ಟು, ಯಾವ ತಿಂಗಳು ಕೊಡುತ್ತೀರಿ ಅಂತ ಬರೆದುಕೊಡಿ. ಆ ದುಡ್ಡಿನಲ್ಲಿ ಮಾತ್ರ ಕಡಿತ ಮಾಡಬೇಡಿ.