ಆ ಕಲ್ಲು ತೊಟ್ಟಿ ಹಳ್ಳಿಯಲ್ಲೇ ಇರಲಿ ಬಿಡಿ

ಐರ್ಲೆಂಡಿನಲ್ಲಿ ಡಬ್ಲಿನ್‌ನಿಂದ ಗಾಲ್ವೇಗೆ ಹೋಗುವವರು ಎಂ4 ಹೆದ್ದಾರಿ ಹಿಡಿದು ಬುರ್ರಂತ ಹೋಗಿಬಿಡುತ್ತಾರೆ. ನಾನೂ ಅದೇ ಜಾತಿ. ಕಳೆದ ತಿಂಗಳು ಮಾತ್ರ ಸುಮ್ನೆ ಹಳೇ ರಸ್ತೆಗೆ ಇಳಿದೆವು. ಎನ್‌ಫೀಲ್ಡ್ ದಾಟಿ ಕಿನ್ನೆಗ್ಯಾಡ್ ಮುಟ್ಟುವ ಮೊದಲು ಕ್ಲೊನಾರ್ಡ್ ಅಂತ ಒಂದು ಪುಟ್ಟ ಊರು ಸಿಗುತ್ತದೆ. ಮೀತ್ ಕೌಂಟಿ. ಅಲ್ಲಿನ ಸೇಂಟ್ ಫಿನಿಯನ್ ಚರ್ಚಿನೊಳಗೆ 15ನೇ ಶತಮಾನದ ಒಂದು ಕಲ್ಲು ತೊಟ್ಟಿ ಇದೆ. ಕೂಸುಗಳಿಗೆ ಜ್ಞಾನಸ್ನಾನ, ಅಂದರೆ ಬ್ಯಾಪ್ಟಿಸಂ, ಮಾಡಿಸಲು ಕಡೆದದ್ದು.

ಜೊತೆಗಿದ್ದ ಗೆಳೆಯ ನೋಡಿದ ಕೂಡಲೇ ಹೇಳಿದ: "ಗುರು, ಇದು ಡಬ್ಲಿನ್ ಮ್ಯೂಸಿಯಂನಲ್ಲಿ ಇರಬೇಕಾದ್ದು. ಇಲ್ಲಿ ಯಾರು ನೋಡ್ತಾರೆ?" ಚರ್ಚಿನಲ್ಲಿ ಜಗಳ ಬೇಡ ಅಂತ ಸುಮ್ಮನಾದೆ. ಈಗ ಇಲ್ಲಿ ಆಡುತ್ತಿದ್ದೇನೆ.

ಬೂದು ಬಣ್ಣದ ಸುಣ್ಣಕಲ್ಲು, ಎಂಟು ಮುಖ. ಎಂಟು ಯಾಕೆ? ಸೃಷ್ಟಿಯ ವಾರಕ್ಕೆ ಏಳು ದಿನ, ಯೇಸು ಸಾವಿನಿಂದ ಎದ್ದು ಬಂದ ದಿನ ಎಂಟನೆಯದು ಅನ್ನೋದು ಕ್ರೈಸ್ತರ ಹಳೇ ಲೆಕ್ಕ. ಸುತ್ತಲೂ ಕೆತ್ತನೆ. ಒಂದು ಕಡೆ ಜೋರ್ಡನ್ ನದಿಯಲ್ಲಿ ಯೇಸುವಿನ ಸ್ನಾನ. ಪುಸ್ತಕ ಹಿಡಿದ ದೇವದೂತರು, ಕೀಲಿಕೈ ಹಿಡಿದ ಯೇಸುವಿನ ಶಿಷ್ಯ ಪೇತ್ರ. ಇನ್ನೊಂದು ಕಡೆ ಮರಿಯ, ಜೋಸೆಫ, ಕೂಸು. ಕೂಸುಗಳನ್ನು ಕೊಲ್ಲಿಸುತ್ತಿದ್ದ ರಾಜ ಹೆರೋದನಿಗೆ ಹೆದರಿ, ಕತ್ತೆಯ ಜೊತೆ ಈಜಿಪ್ಟಿಗೆ ಓಡುತ್ತಿದ್ದಾರೆ.

ನನ್ನ ಕಾಲು ಕಟ್ಟಿಹಾಕಿದ್ದು ಈ ಚಿತ್ರ. ಆ ಕಾಲದಲ್ಲಿ ಮಗು ಹುಟ್ಟಿದ ಎರಡು ಮೂರು ದಿನದೊಳಗೇ ಜ್ಞಾನಸ್ನಾನ ಆಗಿಬಿಡುತ್ತಿತ್ತು. ಉಳಿಯುತ್ತದೋ ಇಲ್ಲವೋ ಅನ್ನೋ ಭಯ. ಅಮ್ಮ ಬಾಣಂತಿ, ಸುಮಾರು 40 ದಿನ ಚರ್ಚಿಗೆ ಬರುವ ಹಾಗಿಲ್ಲ. ಸೂಲಗಿತ್ತಿ, ದೇವಪೋಷಕರು (ಕೂಸಿನ ಧರ್ಮದ ಹೊಣೆ ಹೊರುವವರು) ಕೂಸನ್ನು ಎತ್ತಿಕೊಂಡು ಬರುತ್ತಿದ್ದರು. ಹಾಗೆ ಬಂದವರ ಕಣ್ಣೆದುರಿಗೆ ಶಿಲ್ಪಿ ಇಟ್ಟದ್ದು ಏನು? ಕೂಸಿನ ಜೀವ ಉಳಿಸಲು ಓಡುತ್ತಿರುವ ಒಂದು ಸಂಸಾರ. ಸುಮ್ನೆ ಅಲಂಕಾರಕ್ಕೆ ಕಡೆದದ್ದಲ್ಲ ಅದು.

ತೊಟ್ಟಿಯ ನೀರಿನದೇ ಒಂದು ಕಥೆ. ಮಂತ್ರಿಸಿದ ನೀರನ್ನು ದಿನಗಟ್ಟಲೆ ಹಾಗೇ ಇಟ್ಟಿರುತ್ತಿದ್ದರು. ಮಾಟ ಮಾಡುವವರು ಕದಿಯುತ್ತಾರೆ ಅಂತ ಇಂಗ್ಲೆಂಡಿನಲ್ಲಿ 1236ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ತೊಟ್ಟಿಗಳಿಗೆ ಬೀಗ ಹಾಕಿಸಿದ್ದರಂತೆ! ಹಳೆಯದಾದ ನೀರನ್ನೂ ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ಅದಕ್ಕೇ ಇಂಥ ತೊಟ್ಟಿಗಳ ನಡುವೆ ಒಂದು ತೂತು. ನೀರು ನೇರ ಮಣ್ಣಿಗೆ ಇಳಿಯಬೇಕು.

ಈಗ ಗೆಳೆಯನ ಮಾತಿಗೆ ಬರೋಣ. ಅದರಲ್ಲಿ ಹುರುಳೇ ಇಲ್ಲ ಅಂತಲ್ಲ. ಮ್ಯೂಸಿಯಂನಲ್ಲಿ ಜಾಸ್ತಿ ಜನ ನೋಡುತ್ತಾರೆ, ಕಾವಲೂ ಇರುತ್ತದೆ. ಆರ್ಡಾ ಅನ್ನೋ ಊರಿನ ಬೆಳ್ಳಿಯ ಪೂಜಾಪಾತ್ರೆ ಅಲ್ಲೇ ಇದೆ, ನನ್ನ ತಕರಾರಿಲ್ಲ. ಅದು 1868ರಲ್ಲಿ ಆಲೂಗಡ್ಡೆ ಅಗೆಯುವಾಗ ಮಣ್ಣಿನಲ್ಲಿ ಸಿಕ್ಕಿದ್ದು. ವಾಪಸ್ ಹೋಗಲು ಅದಕ್ಕೆ ಮನೆ ಇರಲಿಲ್ಲ. ಈ ತೊಟ್ಟಿಗೆ ಇದೆಯಲ್ಲ!

ಕ್ಲೊನಾರ್ಡ್ ಸಣ್ಣ ಊರಲ್ಲ, ಸಣ್ಣದಾದ ಊರು. 6ನೇ ಶತಮಾನದಲ್ಲಿ ಸಂತ ಫಿನಿಯನ್ ಇಲ್ಲಿ ಮಠ ಕಟ್ಟಿದರು. 3000 ಜನ ಓದುತ್ತಿದ್ದರು ಅಂತ ಐತಿಹ್ಯ. ಐರ್ಲೆಂಡಿನ ಹನ್ನೆರಡು ಅಪೊಸ್ತಲರು (ಧರ್ಮದೂತರು) ಅಂತ ಕರೆಸಿಕೊಂಡವರು, ಕೊಲಂಬಾ, ಬ್ರೆಂಡನ್ ಎಲ್ಲ, ಇವರ ಶಿಷ್ಯರೇ ಅನ್ನುತ್ತಾರೆ. ಆಮೇಲೆ ಇಂಗ್ಲೆಂಡ್ ಕಡೆಯಿಂದ ನಾರ್ಮನ್ನರು ದಂಡೆತ್ತಿ ಬಂದರು, ಬಿಷಪ್ಪರ ಪೀಠ ಟ್ರಿಮ್ ಅನ್ನೋ ಊರಿಗೆ ಹೋಯಿತು. 16ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ. ಮಠ ಇದ್ದ ಕಡೆ ಇವತ್ತು ಹುಲ್ಲುಗಾವಲು ಬಿಟ್ಟರೆ ಏನೂ ಕಾಣುವುದಿಲ್ಲ. ಕೊನೆಗೆ ಹೆದ್ದಾರಿಯೂ ಊರನ್ನು ಬಿಟ್ಟು ಪಕ್ಕದಲ್ಲಿ ಹೋಯಿತು. ಇಷ್ಟೆಲ್ಲ ಕಳೆದುಕೊಂಡ ಊರಿಗೆ ಉಳಿದದ್ದು ಈ ತೊಟ್ಟಿ. ಅದನ್ನೂ ರಾಜಧಾನಿಗೆ ಒಯ್ಯಬೇಕಾ?

ಮೀತ್‌ನಲ್ಲಿ ಇಂಥವು ಇನ್ನೂ ಇವೆ. ಕಿಲ್ಕಾರ್ನ್ ತೊಟ್ಟಿ ಜಾನ್ಸ್‌ಟೌನ್ ಚರ್ಚಿನಲ್ಲಿದೆ, ಕ್ರಿಕ್ಸ್‌ಟೌನಿನದು ಕುರಾಹಾದಲ್ಲಿ. ಮೂಲ ಚರ್ಚು ಹಾಳಾದಾಗ ಅಕ್ಕಪಕ್ಕದ ಊರಿನವರು ಇಟ್ಟುಕೊಂಡಿದ್ದಾರೆ, ಅಷ್ಟೇ. ನೆಂಟರ ಮನೆಗೆ ಹೋದ ಹಾಗೆ. ಹಿಂದೆ ಲೈಬ್ರೇರಿಯನ್ ಆಗಿದ್ದ ಹೆಲೆನ್ ರೋ ಅನ್ನೋರು 1960ರ ದಶಕದಲ್ಲಿ ಇವನ್ನೆಲ್ಲ ಅಧ್ಯಯನ ಮಾಡಿ ಬರೆದಿಟ್ಟರು. ಮುಖ್ಯ ಅನ್ನಿಸಿಕೊಳ್ಳಲು ಒಂದು ಕಲ್ಲು ಡಬ್ಲಿನ್‌ಗೆ ಬರಲೇಬೇಕಾಗಿಲ್ಲ, ಅಲ್ವಾ?

ಮುಂದಿನ ಸಲ ಗಾಲ್ವೇ ಕಡೆ ಹೊರಟಾಗ ಎನ್‌ಫೀಲ್ಡ್ ಹತ್ತಿರ ಹೆದ್ದಾರಿ ಬಿಡಿ. ತೊಟ್ಟಿಯ ಎದುರು ನಿಂತು ಫೋಟೋ ಹೊಡೆದು ಬರಬೇಡಿ, ಒಂದು ಪ್ರದಕ್ಷಿಣೆ ಹಾಕಿ. ಎದುರಿಗೆ ನಿಂತರೆ ಒಂದೆರಡು ಮುಖ ಮಾತ್ರ ಕಾಣುತ್ತದೆ, ಕತ್ತೆ ಇನ್ನೊಂದು ಬದಿಗೆ ಉಳಿದುಬಿಡಬಹುದು.

ಗೆಳೆಯಾ, ಕಾಮೆಂಟಿಗೆ ಬಾ. ಕಾಯ್ತಿದ್ದೇನೆ.