ಕಾಲುವೆ ತೋಡಿದವರು ಯಾರು?
ಈಜಿಪ್ಟಿನ ಸೂಯೆಜ್ ಕಾಲುವೆಯ ಬಗ್ಗೆ ನಾನು ಓದಿದ ಲೇಖನವೊಂದು ಅದರ ಶ್ರೇಯಸ್ಸನ್ನೆಲ್ಲ ಕಾಲುವೆ ಕಂಪನಿ ಕಟ್ಟಿದ ಫ್ರಾನ್ಸಿನ ಲೆಸೆಪ್ಸ್ ಒಬ್ಬನಿಗೇ ಕಟ್ಟಿರುವುದು ಸರಿಯಲ್ಲ. 1859ರಲ್ಲಿ ಕಾಲುವೆಯ ಉತ್ತರ ತುದಿಯ ಪೋರ್ಟ್ ಸೈದ್ ಊರಿನ ಬಳಿ ಅಗೆತ ಶುರುವಾಯಿತು. ಮೊದಲ ವರ್ಷಗಳಲ್ಲಿ ಈಜಿಪ್ಟಿನ ರೈತರನ್ನು ಹಳ್ಳಿಗಳಿಂದ ಬಲವಂತವಾಗಿ ಕರೆತಂದು ದುಡಿಸಿಕೊಂಡರು. ಆ ಊರಿನ ಪಕ್ಕದ ಮಂಜಾಲಾ ಸರೋವರದ ಕೆಸರನ್ನು ಅವರು ಬರಿಗೈಯಲ್ಲೇ ಬಾಚಿ ದಡಕ್ಕೆ ಹಾಕಿದರು. ಹೂಳೆತ್ತುವ ದೊಡ್ಡ ಯಂತ್ರಗಳು ಬಂದದ್ದು ಆಮೇಲೆ.

1956ರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗಲೂ ಬೆಲೆ ತೆತ್ತದ್ದು ಅದೇ ಊರು. ಕಾಲುವೆಯನ್ನು ಮರಳಿ ಹಿಡಿಯಲು ಬಂದ ಬ್ರಿಟನ್, ಫ್ರಾನ್ಸ್‌ಗಳ ಬಾಂಬು ಬಿದ್ದದ್ದು ಪೋರ್ಟ್ ಸೈದ್‌ನ ಮನೆಗಳ ಮೇಲೆ. ಆ ಡಿಸೆಂಬರಿನಲ್ಲಿ ಈಜಿಪ್ಟಿನವರು ಕಾಲುವೆಯ ಬಾಯಲ್ಲಿದ್ದ ಲೆಸೆಪ್ಸ್ ಪ್ರತಿಮೆಯನ್ನು ಸ್ಫೋಟಿಸಿ ಉರುಳಿಸಿದರು, ಪೀಠವಷ್ಟೇ ಉಳಿಯಿತು. ಆ ಸಿಟ್ಟು ನ್ಯಾಯವಾದದ್ದೆಂದೇ ನಾನು ಹೇಳುತ್ತೇನೆ. ಆ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸುವುದಾದರೆ, ಮಣ್ಣಿನ ಬುಟ್ಟಿ ಹೊತ್ತ ರೈತನನ್ನು ನಿಲ್ಲಿಸಲಿ.