ಬಾಗಿಲಲ್ಲಿ ಬಾಣಂತಿ

ಮಗಳ ಹಠಕ್ಕೆ ಕ್ರಿಸ್‌ಮಸ್‌ಗೆಂದು ಮುಂಬಾಗಿಲಿಗೆ ನೇತುಹಾಕಿದ್ದ ದುಂಡನೆಯ ಪ್ಲಾಸ್ಟಿಕ್ ಮಾಲೆಯನ್ನು ಏಪ್ರಿಲ್ ಬಂದರೂ ತೆಗೆದಿರಲಿಲ್ಲ. ನ್ಯೂಜೆರ್ಸಿಯ ಚಳಿಯ ಮೇಲೆ ತಪ್ಪು ಹೊರಿಸಿ ಸುಮ್ನಿದ್ದೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮುಖದ ಮುಂದೆಯೇ ಏನೋ ಬುರ್ರನೆ ಹಾರಿತು. ಕಾಫಿಯೆಲ್ಲ ಅಂಗಿಯ ಪಾಲು. ಮಾಲೆಯೊಳಗೆ ಹುಲ್ಲುಕಡ್ಡಿಯ ಪುಟ್ಟ ಬಟ್ಟಲು, ಅದರಲ್ಲಿ ನಾಲ್ಕು ತಿಳಿನೀಲಿ ಮೊಟ್ಟೆ.

“ಅಮ್ಮಾ, ಗುಬ್ಬಚ್ಚಿ ಗೂಡು ಕಟ್ಟಿದೆ!” ಮೈಸೂರಿಗೆ ವಿಡಿಯೊ ಕಾಲ್ ಮಾಡಿದೆ. ಹೆಣ್ಣು ಹಕ್ಕಿ ಮೈತುಂಬ ಕಂದು ಗೀರು. ಅಮ್ಮ ಒಪ್ಪಿದರು. ಅಷ್ಟರಲ್ಲಿ ಗಂಡು ಬಂತು.

“ಗುಬ್ಬಿ ತಲೆ ಮೇಲೆ ಕುಂಕುಮ ಚೆಲ್ಲಿದ್ದು ಯಾರೋ?”

ತಲೆ, ಎದೆ ಎಲ್ಲ ಕೆಂಪು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ ‘ಹೌಸ್ ಫಿಂಚ್’ ಅಂದರು. ಆ ಕೆಂಪು ತಿಂದ ಆಹಾರದಿಂದ ಬರುವುದಂತೆ. ಅದು ಸರಿಯಾಗಿ ಸಿಗದಿದ್ದರೆ ಗಂಡು ಹಳದಿಯಾಗಿಯೇ ಉಳಿಯಬಹುದಂತೆ. ಇವು ಮೂಲದಲ್ಲಿ ಅಮೆರಿಕದ ಪಶ್ಚಿಮದವು. 1940ರ ಸುಮಾರಿಗೆ ನ್ಯೂಯಾರ್ಕಿನ ಹಕ್ಕಿ ವ್ಯಾಪಾರಿಗಳು ಇವನ್ನು ಕದ್ದುಮುಚ್ಚಿ ಮಾರುತ್ತಿದ್ದು, ಕಾನೂನಿಗೆ ಹೆದರಿ ಹೊರಗೆ ಬಿಟ್ಟರು. ಅವು ಪೂರ್ವದಲ್ಲೇ ಸಂಸಾರ ಹೂಡಿದವು. ಒಂಥರಾ ನಮ್ಮವೇ, ಅಲ್ವಾ?

ಹೆಣ್ಣು ಕಾವಿಗೆ ಕೂತರೆ ಗಂಡು ಊಟ ತಂದು ಬಾಯಿಗೇ ಇಡುತ್ತದೆ. ನನ್ನವಳು ಕಿಟಕಿಯಿಂದ ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ನಾನು ಪಾತ್ರೆ ತೊಳೆಯಲು ಎದ್ದೆ.

ಮೊಟ್ಟೆಯಿರುವ ಗೂಡನ್ನು ಕೀಳುವಂತಿಲ್ಲ, 1918ರ ಕಾನೂನಿದೆ. ಹಾಗಾಗಿ ಮುಂಬಾಗಿಲು ಬಂದ್. ಓಡಾಟವೆಲ್ಲ ಗರಾಜಿನಿಂದ. ಇದರ ನಡುವೆ ಯುಗಾದಿ ಬಂತು. ತೋರಣ ಎಲ್ಲಿ ಕಟ್ಟೋದು? ಗರಾಜಿನ ಬಾಗಿಲಿಗೇ ಕಟ್ಟಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ನೆಂಟರು ಕಾರಿಂದ ಇಳಿದು ಬಾಗಿಲ ಮುಂದೆ ನಿಂತರು, ನಾನು ರಿಮೋಟ್ ಒತ್ತಿದೆ. ಬಾಗಿಲು ತೋರಣದ ಸಮೇತ ಮೇಲೆ ಹೋಯಿತು. ದುಡ್ಡು ಕೊಟ್ಟು ತಂದಿದ್ದ ಮಾವಿನೆಲೆ ಚೂರುಚೂರಾಗಿ ಅವರ ತಲೆ ಮೇಲೆ ಉದುರಿತು. “ಅಕ್ಷತೆ ಅಂದ್ಕೊಳ್ಳಿ” ಎಂದೆ. ಹುಲ್ಲು ಕತ್ತರಿಸುವ ಮಿಷನ್ನು, ಹಳೇ ಸೈಕಲ್ಲು ದಾಟಿಕೊಂಡು ಅವರು ಒಬ್ಬಟ್ಟಿಗೆ ಬಂದರು.

ಮರಿಗಳಾದ ಮೇಲೆ ಮೊದಲ ಕೆಲವು ದಿನ ಅಪ್ಪ ಅಮ್ಮನೇ ಗೂಡು ಚೊಕ್ಕ ಮಾಡಿದವು. ಆಮೇಲೆ ಕೈಬಿಟ್ಟವು. ಗೂಡಿನ ಅಂಚು, ಮಾಲೆ, ಬಾಗಿಲು ಎಲ್ಲಕ್ಕೂ ಸುಣ್ಣ!

ಮೇ ತಿಂಗಳಲ್ಲಿ ಮರಿಗಳು ಹಾರಿಹೋದವು. ಶನಿವಾರ ಮಾಲೆ ಕಿತ್ತು ಬಾಗಿಲು ತೊಳೆಯೋಣವೆಂದು ಬಕೆಟ್ಟು, ಬ್ರಷ್ಷು ಎತ್ತಿಟ್ಟೆ. ಶುಕ್ರವಾರ ಸಂಜೆ ಇಣುಕಿದರೆ ಗೂಡಲ್ಲಿ ಮತ್ತೊಂದು ನೀಲಿ ಮೊಟ್ಟೆ. ಈಗ ತಪ್ಪು ಹೊರಿಸೋಣವೆಂದರೆ ಚಳಿಯೂ ಇಲ್ಲ.